ಖಾಲಿ ಟ್ಯಾಂಕಿನ ಪೆಟ್ರೋಲ್

ಎಂಟು ವರ್ಷದಿಂದ ಎಲ್ಲರೂ ಖಾಲಿ ಎಂದೇ ನಂಬಿದ್ದ ಟ್ಯಾಂಕಿನಿಂದ ಇಪ್ಪತ್ತಾರು ಲೀಟರ್ ಪೆಟ್ರೋಲ್ ಬಂತು.

ಮೊದಲು ಐದು ಲೀಟರಿನ ಒಂದು ಕ್ಯಾನ್ ತುಂಬಿತು. ಎರಡನೆಯದು ತುಂಬಿತು. ಮೂರನೆಯದಕ್ಕೆ ಮೆಕ್ಯಾನಿಕ್ ಹುಬ್ಬೇರಿಸಿದ. ಐದನೆಯದು ತುಂಬಿದ ಮೇಲೂ ಕಾರಿನ ಹೊಟ್ಟೆಯಿಂದ ಸಣ್ಣ ಧಾರೆ ಇಳಿಯುತ್ತಲೇ ಇತ್ತು. ಕಡು ಕಷಾಯದ ಬಣ್ಣ. ವರ್ಷಗಟ್ಟಲೆ ಮುಚ್ಚಿಟ್ಟ ಬಣ್ಣದ ಡಬ್ಬಿ ತೆರೆದಂಥ ಹುಳಿ ವಾಸನೆ ಶೆಡ್ಡಿನ ತುಂಬ ಹರಡಿತು.

ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಕ್ಕ ಒಳಗೆ ಬರಲೂ ಇಲ್ಲ, ಹಿಂದೆ ಸರಿಯಲೂ ಇಲ್ಲ.

"ಇದೆಲ್ಲ ಈ ಕಾರಿಂದಾನೇ ಬಂತಾ?"

"ಮತ್ತೇನು ನನ್ನ ಜೇಬಿಂದ ಬಂತಾ, ತಾಯಿ?" ಎಂದ ಮೆಕ್ಯಾನಿಕ್.

"ಅಣ್ಣಾ, ಇದರಲ್ಲಿ ಪೆಟ್ರೋಲ್ ಇರೋಕೆ ಸಾಧ್ಯವೇ ಇಲ್ಲ."

ಅವನು ತಲೆಯೆತ್ತಿ ನೋಡಿದ. ಹುಡುಗಾಟದ ಮುಖವಲ್ಲ ಅದು. ಲೋಟದ ಅಂಚಿನಿಂದ ಚಹಾ ಅವಳ ಬೆರಳ ಮೇಲೆ ಚೆಲ್ಲುತ್ತಿತ್ತು. ಅವಳಿಗೆ ಬಿಸಿಯೂ ತಾಕಿದಂತಿರಲಿಲ್ಲ.

ತಮ್ಮ ಕರೆದು ಕರೆದು ಬೀದಿಗೆಲ್ಲ ಅವಳು ಅಕ್ಕನೇ ಆಗಿಹೋಗಿದ್ದಳು. ವಯಸ್ಸು ನಲವತ್ತೊಂದು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ. ಉಳಿದ ಹೊತ್ತೆಲ್ಲ ಅಪ್ಪನ ಸೇವೆ. ಅಪ್ಪ ಮೂವತ್ತು ವರ್ಷ ನೀರು ಸರಬರಾಜಿನಲ್ಲಿದ್ದವರು. ಬೀದಿ ಬೀದಿಗೆ ಹೋಗಿ ವಾಲ್ವ್ ತಿರುಗಿಸಿ ನೀರು ಬಿಡುವುದು, ನಿಲ್ಲಿಸುವುದು ಅವರ ಕೆಲಸವಾಗಿತ್ತು. ಎದುರು ಮಾತಾಡಿದ ಬೀದಿಗೆ ಎರಡು ದಿನ ನೀರು ತಡವಾಗುತ್ತಿತ್ತು. "ಬುದ್ಧಿ ಕಲೀಲಿ" ಎನ್ನುತ್ತಿದ್ದರು. ನಿವೃತ್ತರಾದ ಮೇಲೆ ಅವರ ಕೈಗೆ ಉಳಿದದ್ದು ಒಂದು ಮನೆ, ಒಬ್ಬಳು ಮಗಳು.

ಎಂಟು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಮ್ಮನಿಗೆ ಉಸಿರು ಸಿಕ್ಕಿಕೊಂಡಿತು. ಆಸ್ಪತ್ರೆಗೆ ಒಂಬತ್ತು ಕಿಲೋಮೀಟರ್. ತಮ್ಮ ಅಮ್ಮನನ್ನು ಹಾಸಿಗೆಯಿಂದಲೇ ಎತ್ತಿ ತಂದು ಈ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದ. ಅವಳ ತಲೆ ಅಪ್ಪನ ತೊಡೆಯ ಮೇಲೆ. ಅಕ್ಕ ಮುಂದೆ, ತಮ್ಮನ ಪಕ್ಕ. ಕಾರು ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಕೊನೆಯ ಮನೆ ದಾಟಿತು, ಇಟ್ಟಿಗೆ ಗೂಡಿನ ಹತ್ತಿರ ಎರಡು ಸಲ ಕೆಮ್ಮಿತು, ನಿಂತಿತು. ಅಷ್ಟೇ. ಮತ್ತೆ ಏಳಲಿಲ್ಲ. ಇನ್ನೊಂದು ಗಾಡಿ ಸಿಗುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ಅಮ್ಮ ಅಷ್ಟು ಹೊತ್ತು ಕಾಯಲಿಲ್ಲ.

"ಪೆಟ್ರೋಲ್ ಮುಗಿದಿದೆ," ಎಂದಿದ್ದರು ಅಪ್ಪ. "ನಿನ್ನೆ ಸಂಜೆ ಇವಳು ಊರೆಲ್ಲ ತಿರುಗಿ ಮುಗಿಸಿದಾಳೆ."

ಹಿಂದಿನ ಸಂಜೆ ಅಕ್ಕ ಕಾರು ತೆಗೆದಿದ್ದು ನಿಜ. ಲೈಸೆನ್ಸ್ ಕೈಗೆ ಬಂದು ಒಂದು ವಾರವಾಗಿತ್ತು. ಮರುದಿನವೇ ಕನ್ನಡಕದ ಅಂಗಡಿಯಲ್ಲಿ ಕೆಲಸದ ಮೊದಲ ದಿನ. ಕಾರಿನಲ್ಲೇ ಹೋಗಬೇಕೆಂಬ ಆಸೆ. ಕೈ ಕುದುರಲಿ ಎಂದು ಅಪ್ಪನನ್ನು ಕೇಳದೆ ಒಂದು ಗಂಟೆ ಓಡಿಸಿ ತಂದು ನಿಲ್ಲಿಸಿದ್ದಳು. ಪೆಟ್ರೋಲ್ ತೋರಿಸುವ ಮುಳ್ಳು ಕೆಟ್ಟು ವರ್ಷಗಳಾಗಿದ್ದವು. ಎಷ್ಟಿತ್ತು, ಎಷ್ಟು ಸುಟ್ಟಿತು ಅವಳಿಗೆ ಗೊತ್ತಿರಲಿಲ್ಲ.

ಅಲ್ಲಿಂದ ಆ ಒಂದು ಮಾತು ಮನೆಯಲ್ಲಿ ಬೇರೂರಿತು. ಬಂದವರ ಮುಂದೆ ಅಪ್ಪ ಅವಳನ್ನು ಬೆರಳಲ್ಲಿ ತೋರಿಸುತ್ತಿದ್ದರು: "ಇವಳೇ ನೋಡಿ. ಎರಡು ಲೀಟರ್ ಪೆಟ್ರೋಲ್ ಹಾಕಿಸೋಕೆ ಮರೆತು ತಾಯಿನ ಕಳಿಸಿಕೊಟ್ಟ ಮಹಾತಾಯಿ." ಮಾತ್ರೆ ಹತ್ತು ನಿಮಿಷ ತಡವಾದರೆ, "ನನ್ನನ್ನೂ ಅದೇ ದಾರೀಲಿ ಕಳಿಸ್ತೀಯಾ?" ಅವಳು ಒಮ್ಮೆಯೂ ಎದುರಾಡಿರಲಿಲ್ಲ. ಎದುರಾಡಲು ಅವಳ ಹತ್ತಿರ ಏನೂ ಇರಲಿಲ್ಲ. ಅವಳೂ ಅದನ್ನೇ ನಂಬಿದ್ದಳು.

ಇಷ್ಟನ್ನೂ ಅವಳು ಮೆಕ್ಯಾನಿಕ್‌ನಿಗೆ ನಾಲ್ಕೈದು ಮಾತಿನಲ್ಲಿ ಹೇಳಿ ಮುಗಿಸಿದಳು. ಅವನನ್ನು ಸುತ್ತಲಿನವರು ಮೂಗಣ್ಣ ಎಂದು ಕರೆಯುತ್ತಿದ್ದರು. ಅರವತ್ತರ ಆಸುಪಾಸು. ಇಂಜಿನ್ನಿಗೆ ಮೂಗು ಹಿಡಿದೇ ರೋಗ ಹೇಳುತ್ತಾನೆಂಬ ಪ್ರಸಿದ್ಧಿ. ರಸ್ತೆ ಅಗಲ ಮಾಡಲು ಶೆಡ್ ಒಡೆಯುವವರಿದ್ದರು. ಹಳೆಯ ಕಾರಿನ ಹುಚ್ಚಿರುವ ಯಾರೋ ಇದನ್ನು ಕೊಳ್ಳಲು ಒಪ್ಪಿದ್ದರು. ಹಾಗಾಗಿ ಪರ ಊರಿನಲ್ಲಿದ್ದ ತಮ್ಮ ಬಂದು ಅವನನ್ನು ಕರೆಸಿದ್ದ.

ಮೂಗಣ್ಣ ಕ್ಯಾನ್‌ಗಳ ಕಡೆ ನೋಡಿದ.

"ಕಾರು ನಿಂತ ದಿನ ಇಲ್ಲಿಗೆ ಹೇಗೆ ಬಂತು?"

"ಹಗ್ಗ ಕಟ್ಟಿ ಎಳೆಸಿದ್ರು. ಅಪ್ಪಾನೇ ಶೆಡ್ಡಿಗೆ ಬೀಗ ಹಾಕಿದ್ರು. ಆಮೇಲೆ ಯಾರಿಗೂ ಮುಟ್ಟೋಕೆ ಬಿಡಲಿಲ್ಲ."

"ಕೆಟ್ಟು ನಿಂತ ಗಾಡಿಗೆ ಆಮೇಲೆ ಯಾರಾದರೂ ಟ್ಯಾಂಕ್ ತುಂಬಿಸ್ತಾರಾ?"

"ಇಲ್ಲ."

"ಹಾಗಿದ್ರೆ ಅವತ್ತೂ ಇದು ಇಲ್ಲೇ ಇತ್ತು, ತಾಯಿ. ಇಪ್ಪತ್ತಾರು ಲೀಟರ್ ಹೊಟ್ಟೇಲಿಟ್ಕೊಂಡು ಹಸಿವಿಂದ ಸತ್ತಿದೆ ಈ ಗಾಡಿ. ಯಾಕೆ ಅಂತ ನೋಡೋಣ."

ಆ ಹೊತ್ತಿಗೆ ತಮ್ಮ ಹೊಸ ಬ್ಯಾಟರಿ ಹೊತ್ತು ಬಂದ. ಕ್ಯಾನ್‌ಗಳನ್ನು ಕಂಡು ಅವನೂ ಬೆಪ್ಪಾದ.

"ಸಾಧ್ಯವೇ ಇಲ್ಲ! ಅವತ್ತು ನಾನೇ ಬಾನೆಟ್ ಎತ್ತಿ ಪೈಪ್ ಕಿತ್ತು ನೋಡಿದ್ದೆ. ಒಂದು ಹನಿ ಬರಲಿಲ್ಲ."

"ಪೈಪಲ್ಲಿ ನೋಡಿದ್ರಿ. ಟ್ಯಾಂಕಲ್ಲಿ ನೋಡಿದ್ರಾ?"

"ಇಲ್ಲ... ಅಪ್ಪ ಮುಗಿದಿದೆ ಅಂದ್ರಲ್ಲ."

"ಯಾವಾಗ ಅಂದ್ರು? ನೀವು ಪೈಪ್ ಕೀಳೋಕೆ ಮುಂಚೆಯೋ, ಆಮೇಲೋ?"

ತಮ್ಮ ಬ್ಯಾಟರಿ ಕೆಳಗಿಟ್ಟ. "ಮುಂಚೆ. ಕಾರು ನಿಂತ ಕೂಡಲೇ."

ಮೂಗಣ್ಣ ಕಾರ್ಬ್ಯುರೇಟರ್ ಬಿಚ್ಚಿ ಅದರ ಪುಟ್ಟ ಬಟ್ಟಲನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದ. ಮೂಗಿನ ಹತ್ತಿರ ತಂದ. ಮತ್ತೊಮ್ಮೆ ತಂದ.

"ಏನಿದೆ?" ಎಂದಳು ಅಕ್ಕ.

"ಏನೂ ಇಲ್ಲ. ಅದೇ ತೊಂದರೆ." ಅವನು ಬಟ್ಟಲನ್ನು ಅವಳ ಕೈಗೆ ಕೊಟ್ಟ. "ಇಂಜಿನ್ನಿಗೆ ಹೋಗೋ ಪೆಟ್ರೋಲ್ ಮೊದಲು ಇಲ್ಲಿ ನಿಲ್ಲುತ್ತೆ. ಒಂದು ಸಣ್ಣ ಲೋಟದಷ್ಟು. ವರ್ಷಗಟ್ಟಲೆ ನಿಂತ ಗಾಡೀಲಿ ಅದು ಒಣಗಿ ಬೆಲ್ಲದ ಪಾಕದ ಹಾಗೆ ಅಂಟಾಗಿರುತ್ತೆ. ಕೆರೆದ್ರೂ ಬರಲ್ಲ. ಇದು ನೋಡಿ, ಹೇಗೆ ಹೊಳೀತಿದೆ! ಅಂದ್ರೆ ಶೆಡ್ಡಿಗೆ ಬರೋ ಹೊತ್ತಿಗೇ ಇದು ಒಣಗಿತ್ತು. ಟ್ಯಾಂಕ್ ತುಂಬಿದೆ, ಬಟ್ಟಲು ಖಾಲಿ. ಮಧ್ಯ ಯಾರೋ ಕೂತಿದಾರೆ."

ಅವನು ಕಾರಿನ ಕೆಳಗೆ ತೂರಿದ. ಪೈಪನ್ನು ತುಂಡು ತುಂಡಾಗಿ ಬಿಚ್ಚಿ ಹೊರಗೆ ತಳ್ಳತೊಡಗಿದ. ಇಂಜಿನ್ ಕಡೆಯ ತುಂಡು ಊದಿದರೆ ಕೊಳಲಿನಂತೆ ಸಲೀಸು. ಟ್ಯಾಂಕಿನ ಕಡೆಯದರಲ್ಲಿ ಕಂದು ಅಂಟು ಗಟ್ಟಿಯಾಗಿ ಕೂತಿತ್ತು. ಎರಡೂ ಸೇರುವ ಜಾಗದಲ್ಲಿ ಪೈಪ್ ನೇರ ಹೋಗುವ ಬದಲು ತಳವನ್ನು ತೂತು ಮಾಡಿಕೊಂಡು ಕಾರಿನೊಳಕ್ಕೆ ಏರಿತ್ತು.

"ಈ ತೂತು ಕಾರು ಮಾಡಿದವರು ಕೊರೆದದ್ದಲ್ಲ," ಕೆಳಗಿನಿಂದ ದನಿ ಬಂತು. "ಮುಂದಿನ ಎಡಗಡೆ ಸೀಟಿನ ಕೆಳಗೆ ಮ್ಯಾಟ್ ಎತ್ತಿ, ತಾಯಿ."

ಅಕ್ಕ ಕಾರಿನ ಹಿಂದಿನ ಬಾಗಿಲು ತೆಗೆದು ಬಗ್ಗಿದಳು. ಅಮ್ಮ ಮಲಗಿದ್ದ ಸೀಟನ್ನು ನೋಡದೆ ಕೈಯನ್ನು ಮುಂದಿನ ಸೀಟಿನಡಿಗೆ ಚಾಚಿದಳು. ರಬ್ಬರ್ ಮ್ಯಾಟ್ ಪುಡಿಯಾಗಿ ಬಂತು. ಅದರಡಿಯಲ್ಲಿ ಬೆರಳಿಗೆ ತಣ್ಣಗೆ ಒಂದು ಹಿತ್ತಾಳೆಯ ನಲ್ಲಿ ತಾಕಿತು.

ಅದರ ಹಿಡಿ ಪೈಪಿಗೆ ಅಡ್ಡವಾಗಿತ್ತು.

ಮೂಗಣ್ಣ ಹೊರಬಂದು ಟಾರ್ಚ್ ಬಿಟ್ಟ. "ಮುಚ್ಚಿದೆ."

"ಏನಿದು?" ಎಂದ ತಮ್ಮ.

"ಕಳ್ಳರ ಕಾಟಕ್ಕೆ ಹಿಂದೆ ಕೆಲವರು ಹಾಕಿಸ್ಕೊಳ್ತಿದ್ರು. ಮುಚ್ಚಿಟ್ಟರೆ ಗಾಡಿ ಸ್ಟಾರ್ಟ್ ಆಗುತ್ತೆ, ಬಟ್ಟಲಲ್ಲಿ ಪೈಪಲ್ಲಿ ಇರೋ ಪೆಟ್ರೋಲಲ್ಲಿ ಒಂದು ಕಿಲೋಮೀಟರ್ ಚಿಲ್ಲರೆ ಓಡುತ್ತೆ, ನಡುದಾರೀಲಿ ನಿಲ್ಲುತ್ತೆ. ಕದ್ದವನು ಬಿಟ್ಟು ಓಡಿಹೋಗ್ತಾನೆ. ಇಟ್ಟಿಗೆ ಗೂಡು ಇಲ್ಲಿಂದ ಎಷ್ಟು ದೂರ?"

"ಒಂದು ಕಿಲೋಮೀಟರ್ ಚಿಲ್ಲರೆ," ಎಂದ ತಮ್ಮ.

"ನಿಮಗೆ ಗೊತ್ತಿತ್ತಾ ಈ ನಲ್ಲಿ?"

"ದೇವರಾಣೆ ಇಲ್ಲ," ಎಂದ ತಮ್ಮ.

"ನಿಮಗೆ?"

ಗಾಜಿನಲ್ಲಿ ಕೂದಲೆಳೆಯ ಗೀರು ಹುಡುಕಿ ಪಳಗಿದ ಅಕ್ಕನ ಕಣ್ಣು ನಲ್ಲಿಯನ್ನು ಪೈಪಿಗೆ ಬಿಗಿದ ತಿರುಪಿನ ಮೇಲೆ ನೆಟ್ಟಿತ್ತು. ಅಲ್ಲಿ ಒತ್ತಾಗಿ ಸುತ್ತಿದ ಸಣಬಿನ ಎಳೆ. ಅದರ ಮೇಲೆ ಬಿಳಿ ಬಣ್ಣ. ಎಳೆಯ ತುದಿಯನ್ನು ಒಳಕ್ಕೆ ಮಡಿಸಿ ಸಿಕ್ಕಿಸಿದ ರೀತಿ. ಅಡುಗೆಮನೆಯ ನಲ್ಲಿ, ಬಚ್ಚಲಿನ ನಲ್ಲಿ, ಹಿತ್ತಲಿನ ನಲ್ಲಿ... ದಿನಕ್ಕೆ ನೂರು ಸಲ ಅವಳ ಕಣ್ಣಿಗೆ ಬೀಳುವ ಕೈಕೆಲಸ.

"ಅಣ್ಣಾ, ಪೆಟ್ರೋಲ್ ಪೈಪಿಗೆ ಸಣಬು ಸುತ್ತುತ್ತಾರಾ?"

ಮೂಗಣ್ಣ ಅವಳನ್ನೇ ನೋಡಿದ. "ಯಾವ ಮೆಕ್ಯಾನಿಕ್ಕೂ ಸುತ್ತಲ್ಲ, ತಾಯಿ. ಅದು ನೀರಿನವರ ಕೆಲಸ."

ಅವಳು ಶೆಡ್ಡಿನ ಬಾಗಿಲಿನಾಚೆ ನೋಡಿದಳು. ಜಗಲಿಯ ಕುರ್ಚಿಯಲ್ಲಿ ಅಪ್ಪ ಕೋಲು ಹಿಡಿದು ಇತ್ತಲೇ ನೋಡುತ್ತ ಕೂತಿದ್ದರು. ಬೆಳಿಗ್ಗೆಯಿಂದ ಅವರದ್ದು ಒಂದೇ ರಾಗ: "ಬಿಚ್ಚಬೇಡಿ. ಗುಜರಿಗೆ ಹಾಕಿ."

"ಅಪ್ಪ ಮರೆತಿರಬೇಕು ಅಕ್ಕ," ತಮ್ಮ ತಗ್ಗಿದ ದನಿಯಲ್ಲಿ ಅಂದ. "ಯಾವಾಗಲೋ ಮುಚ್ಚಿದ್ರು, ಆ ಗಾಬರೀಲಿ ನೆನಪಾಗಿಲ್ಲ. ಯಾರಿಗೆ ತಾನೆ ನೆನಪಿರುತ್ತೆ? ಅಮ್ಮ ತೊಡೆ ಮೇಲೆ ಒದ್ದಾಡ್ತಿದ್ರೆ..."

"ಇರಬಹುದು," ಎಂದ ಮೂಗಣ್ಣ. "ಕಾರು ನಿಂತಾಗ ಒಳಗೆ ಯಾರಿದ್ರು?"

"ನಾನು, ಅಪ್ಪ, ಅಮ್ಮ. ಅಕ್ಕನ್ನ ಅಪ್ಪ ಕಳಿಸಿದ್ರು. 'ಓಡು, ದೊಡ್ಡ ರಸ್ತೇಲಿ ಗಾಡಿ ಹಿಡಿ' ಅಂದ್ರು."

"ಅವರನ್ನ ಕಳಿಸಿದ ಮೇಲೆ?"

"ನಾನು ಬಾನೆಟ್ ಎತ್ತಿದೆ. ಮತ್ತೆ ಬಂದು ಚಾವಿ ತಿರುಗಿಸಿದೆ. ಮತ್ತೆ ಇಳಿದೆ. ಹುಚ್ಚು ಹಿಡಿದ ಹಾಗಾಗಿತ್ತು."

"ಯಜಮಾನ್ರು?"

"ಅಮ್ಮನ್ನ ಹಿಡ್ಕೊಂಡು ಕೂತಿದ್ರು. ಪಾಪ. ಒಂದು ಸಲ ತಿರುಗಿ ನೋಡಿದಾಗ ಮುಂದಿನ ಸೀಟಿನ ಕೆಳಗೆ ಬಗ್ಗಿ ಏನೋ ತಡಕಾಡ್ತಿದ್ರು. ಏನಪ್ಪಾ ಅಂದೆ. 'ನಿಮ್ಮಮ್ಮನ ಚಪ್ಪಲಿ' ಅಂದ್ರು. ಅಂಥಾ ಹೊತ್ತಲ್ಲೂ ಅವಳ ಚಪ್ಪಲಿ ಹುಡುಕ್ತಿದ್ರಲ್ಲ ಅಂತ... ನನಗೆ ಇವತ್ತಿಗೂ ನೆನೆಸ್ಕೊಂಡ್ರೆ ಅಳು ಬರುತ್ತೆ."

ಅಕ್ಕ ತಮ್ಮನ ಕಡೆ ತಿರುಗಿದಳು. ತುಂಬ ನಿಧಾನವಾಗಿ ಕೇಳಿದಳು.

"ಯಾವ ಚಪ್ಪಲಿ?"

"ಅಮ್ಮಂದು."

"ನೀನೇ ಅಮ್ಮನ್ನ ಹಾಸಿಗೆಯಿಂದ ಎತ್ತಿಕೊಂಡು ಬಂದವನು. ಕಾಲಲ್ಲಿ ಚಪ್ಪಲಿ ಇತ್ತಾ?"

"ಇಲ್ಲ. ಬರಿಗಾಲು."

"ಎರಡು ತಿಂಗಳಿಂದ ಅಮ್ಮನ ಕಾಲು ಊದಿ ಹೋಗಿತ್ತು. ಯಾವ ಚಪ್ಪಲೀನೂ ಹಿಡಿಸ್ತಿರಲಿಲ್ಲ. ನೀನು ಹಿಂದಿನ ರಾತ್ರಿಯಷ್ಟೇ ಊರಿಗೆ ಬಂದಿದ್ದೆ, ನಿನಗೆ ಗೊತ್ತಿಲ್ಲ. ಅಪ್ಪನಿಗೆ ಗೊತ್ತಿತ್ತು."

ಹೊರಗೆ ಕೋಲು ಕುಟ್ಟುವ ಸದ್ದಾಯಿತು. ಮೂವರೂ ಗುಂಪು ಕಟ್ಟಿ ನಿಂತದ್ದು ಅಪ್ಪನ ಸಹನೆ ಕೆಡಿಸಿರಬೇಕು. ಅವರು ಶೆಡ್ಡಿಗೇ ಬಂದಿದ್ದರು. ಎಪ್ಪತ್ತೆಂಟು ವರ್ಷದ, ಇನ್ನೂ ನೆಟ್ಟಗೆ ನಿಲ್ಲುವ ದೇಹ. ಮಂಡಿ ಮಾತ್ರ ಸೋತಿತ್ತು. ದಿನವೂ ಅಕ್ಕ ಎಣ್ಣೆ ಹಚ್ಚಿ ನೀವಿದರಷ್ಟೇ ಅದು ಮಡಚುತ್ತಿತ್ತು.

"ಏನು ಪಂಚಾಯಿತಿ? ಗುಜರಿಗೆ ಹಾಕಿ ಅಂದ್ರೆ ಕಿವಿ ಕೇಳಲ್ವಾ?" ಮೂಗಿಗೆ ವಾಸನೆ ಬಡಿಯಿತು. ಕಣ್ಣು ಸಾಲಾಗಿಟ್ಟ ಕ್ಯಾನ್‌ಗಳ ಮೇಲೆ ಹೋಯಿತು. ಅಲ್ಲೇ ನಿಂತಿತು.

"ಯಜಮಾನ್ರೇ, ಕೂತ್ಕೊಳ್ಳಿ," ಎಂದ ಮೂಗಣ್ಣ.

"ನನ್ನ ಶೆಡ್ಡಲ್ಲಿ ನನಗೆ ಕೂರೋಕೆ ಹೇಳೋಕೆ ನೀನ್ಯಾರು?"

"ಕಾರು ಯಾಕೆ ನಿಂತಿತ್ತು ಅಂತ ಹೇಳೋಕೆ ಕರೆಸಿಕೊಂಡವನು. ಹೇಳಿಬಿಟ್ಟು ಹೋಗ್ತೀನಿ. ಪೆಟ್ರೋಲ್ ಮುಗಿದಿರಲಿಲ್ಲ. ನಲ್ಲಿ ಮುಚ್ಚಿತ್ತು. ನಲ್ಲಿ ಕೂರಿಸಿದವರು ನೀರಿನ ಕೆಲಸ ಬಲ್ಲವರು. ಹಿಂದಿನ ಸಂಜೆ ಈ ತಾಯಿ ಒಂದು ಗಂಟೆ ಓಡಿಸಿ ತಂದಾಗ ತೆರೆದೇ ಇತ್ತು, ಇಲ್ಲದಿದ್ರೆ ಅವತ್ತೇ ನಿಲ್ತಿತ್ತು. ಬೆಳಿಗ್ಗೆ ಮುಚ್ಚಿತ್ತು. ಆ ರಾತ್ರಿ ಮನೇಲಿದ್ದವರಲ್ಲಿ ಈ ನಲ್ಲಿ ಇದೆ ಅಂತ ಬಲ್ಲವರು ಒಬ್ಬರೇ. ಯಾಕೆ ಮುಚ್ಚಿದ್ರಿ?"

ಅಪ್ಪ ಮಗನನ್ನು ನೋಡಿದರು. ಮಗ ನೆಲ ನೋಡಿದ.

"ನನ್ನ ಕಾರು. ಮುಚ್ತೀನಿ, ತೆಗೀತೀನಿ." ಅವರ ದನಿ ಏರಿತು. "ಕೇಳದೆ ಕೇಳಿಸದೆ ಚಾವಿ ತೊಗೊಂಡು ಮೆರೆಯೋಕೆ ಹೋಗಿದ್ಲಲ್ಲ ಇವಳು! ಮೊದಲನೇ ದಿನ ಕೆಲಸಕ್ಕೆ ಕಾರಲ್ಲಿ ಹೋಗ್ತಾಳಂತೆ. ಹೋಗಲಿ ನೋಡೋಣ ಅಂದ್ಕೊಂಡೆ. ನಡುಬೀದೀಲಿ ನಿಲ್ಲಲಿ, ಹಿಂದಿನವರೆಲ್ಲ ಹಾರ್ನ್ ಹೊಡೆದು ಬೈಲಿ, ಅಳ್ತಾ ಮನೆಗೆ ಬರಲಿ. ಬುದ್ಧಿ ಬರುತ್ತೆ ಅಂತ ಮುಚ್ಚಿದೆ. ನಿಮ್ಮಮ್ಮನಿಗೆ ಹಾಗಾಗುತ್ತೆ ಅಂತ ನನಗೆ ಕನಸು ಬಿದ್ದಿತ್ತಾ?"

"ಇಲ್ಲ," ಎಂದ ಮೂಗಣ್ಣ. "ಅಲ್ಲೀವರೆಗೆ ಅದು ಹುಡುಗಾಟದ ಕೇಡು. ಮುಚ್ಚಿದ್ದಕ್ಕೆ ನಾನು ನಿಮ್ಮನ್ನ ಕೊಲೆಗಾರ ಅನ್ನಲ್ಲ. ಕಾರು ನಿಂತ ಮೇಲೆ ನಿಮಗೆ ನೆನಪಾಯ್ತಲ್ಲ, ಅದನ್ನ ಕೇಳ್ತಿದೀನಿ."

"ನೆನಪಾಗಲಿಲ್ಲ! ಆ ಗಡಿಬಿಡೀಲಿ..."

"ಹಾಗಾದ್ರೆ ಸೀಟಿನ ಕೆಳಗೆ ಯಾಕೆ ಕೈ ಹಾಕಿದ್ರಿ? ಚಪ್ಪಲಿ ಹಾಕದ ಹೆಂಗಸಿನ ಚಪ್ಪಲಿ ಹುಡುಕಿದ್ರಾ?"

ಅಪ್ಪನ ಕೋಲು ಒಮ್ಮೆ ಜಾರಿತು. ಹಿಡಿದುಕೊಂಡರು.

"ಮಗಳನ್ನ ಮೊದಲು ದೂರ ಕಳಿಸಿದ್ರಿ. ಮಗ ಬಾನೆಟ್ ಹತ್ತಿರ ಇದ್ದ. ಯಾರೂ ನೋಡದ ಹಾಗೆ ತಿರುಗಿಸಿಬಿಡೋಣ ಅಂತ ಬಗ್ಗಿದ್ರಿ. ಕೈ ನಲ್ಲೀ ಮೇಲೆ ಇತ್ತು. ಅಷ್ಟರಲ್ಲಿ ಮಗ ತಿರುಗಿ 'ಏನಪ್ಪಾ' ಅಂದ. ತಿರುಗಿಸಿದ್ರೆ ಕಾರು ಹೋಗ್ತಿತ್ತು. ಆದರೆ ನಿಲ್ಲಿಸಿದ್ದು ಯಾರು ಅಂತ ಗೊತ್ತಾಗ್ತಿತ್ತು. ನೀವು ಕೈ ಹಿಂದಕ್ಕೆ ತೊಗೊಂಡ್ರಿ. ನಲವತ್ತು ನಿಮಿಷ ಹೆಂಡತಿ ತಲೇನ ತೊಡೆ ಮೇಲಿಟ್ಕೊಂಡು ಕೂತ್ರಿ, ಕಾಲ ಹತ್ತಿರ ನಲ್ಲಿ ಇಟ್ಕೊಂಡು." ಅವನು ಕೈಯೊರೆಸುತ್ತಿದ್ದ ಬಟ್ಟೆಯನ್ನು ಕಾರಿನ ಮೇಲೆ ಎಸೆದ. "ಅಮ್ಮನ್ನ ಕೊಂದದ್ದು ಪೆಟ್ರೋಲ್ ಅಲ್ಲ, ತಾಯಿ. ಇವರ ಮರ್ಯಾದೆ."

ಕೊನೆಯ ಕ್ಯಾನಿಗೆ ಹನಿ ಬೀಳುತ್ತಿತ್ತು.

"ಅವಳು ಬದುಕ್ತಿದ್ಲು ಅಂತ ಯಾರಿಗೆ ಗೊತ್ತು?" ಎಂದರು ಅಪ್ಪ ಕೊನೆಗೆ. "ಡಾಕ್ಟ್ರೇ ಹೇಳಿದ್ರು, ಹೃದಯ ಸೋತಿತ್ತು ಅಂತ. ಇವಳು ಕೇಳದೆ ಕಾರು ಮುಟ್ಟಿರದಿದ್ರೆ ನಾನ್ಯಾಕೆ ಮುಚ್ತಿದ್ದೆ? ಮೂಲ ಇವಳೇ. ಆಗಲೂ ಇವಳೇ, ಈಗಲೂ ಇವಳೇ."

"ಅಕ್ಕಾ, ಹೋಗಲಿ ಬಿಡು," ತಮ್ಮ ಅವಳ ತೋಳು ಹಿಡಿದ. "ವಯಸ್ಸಾದವರು. ಇನ್ನೆಷ್ಟು ದಿನ? ಇದೆಲ್ಲ ಹೊರಗೆ ಗೊತ್ತಾದ್ರೆ ಏನಂತಾರೆ?"

"ಎಂಟು ವರ್ಷ ಹೊರಗೆ ಗೊತ್ತಿತ್ತಲ್ಲ, ನಾನು ಅಂತ," ಅಂದಳು ಅಕ್ಕ. "ಆಗ ಯಾರೇನಂತಾರೆ ಅಂತ ನಿನಗೆ ಚಿಂತೆ ಆಗಲಿಲ್ಲ."

ತಮ್ಮನ ಕೈ ತಾನಾಗಿ ಬಿಟ್ಟುಕೊಂಡಿತು.

ಅವಳಿಗೆ ಅಳು ಬರಲಿಲ್ಲ. ಬರುತ್ತದೆಂದು ಕಾದಳು. ಎದೆಯಲ್ಲಿ ಎಂಟು ವರ್ಷದಿಂದ ಹೊತ್ತಿದ್ದ ಭಾರ ಇಳಿಯುತ್ತದೆ, ಹಗುರಾಗುತ್ತದೆ ಎಂದುಕೊಂಡಳು. ಇಳಿಯಲಿಲ್ಲ. ಆ ಜಾಗಕ್ಕೆ ಬೇರೇನೋ ಬಂದು ಕೂತಿತು, ಇನ್ನೂ ಗಟ್ಟಿಯಾದದ್ದು, ತಣ್ಣಗಿನದು.

"ಅಣ್ಣಾ, ಅದನ್ನ ತೆರೆಯೋಕೆ ಎಷ್ಟು ಹೊತ್ತು ಬೇಕು?"

"ಅವತ್ತಾದ್ರೆ ಕಾಲು ಸುತ್ತು, ತಾಯಿ. ಕಣ್ಣು ಮಿಟುಕಿಸೋಷ್ಟು ಹೊತ್ತು. ಪೆಟ್ರೋಲ್ ಎಳೆಯೋ ಪಂಪ್ ಒಂದೈವತ್ತು ಸಲ ಬಡಿದ್ರೆ ಕಾರು ಏಳ್ತಿತ್ತು."

ಅವಳು ಹಿಂದಿನ ಬಾಗಿಲನ್ನು ಪೂರ್ತಿ ತೆರೆದಳು.

"ಅಪ್ಪಾ, ಬನ್ನಿ. ಅವತ್ತು ಕೂತಿದ್ದ ಜಾಗದಲ್ಲೇ ಕೂತ್ಕೊಳ್ಳಿ."

"ಹುಚ್ಚು ಹಿಡೀತಾ ನಿನಗೆ?"

"ಕೂತ್ಕೊಳ್ಳಿ. ಇಲ್ಲಾಂದ್ರೆ ಇವತ್ತು ಸಂಜೆ ಬೀದಿಯವರನ್ನೆಲ್ಲ ಇಲ್ಲಿಗೆ ಕರೆದು ನಲ್ಲಿ ತೋರಿಸ್ತೀನಿ. ಇವಳೇ ನೋಡಿ ಅಂತ ನನ್ನನ್ನ ಯಾರ್ಯಾರಿಗೆ ತೋರಿಸಿದ್ರೋ, ಒಬ್ಬರನ್ನೂ ಬಿಡದ ಹಾಗೆ."

ಅಪ್ಪ ಮಗನ ಕಡೆ ಕೈ ಚಾಚಿದರು. ಮಗ ಶೆಡ್ಡಿನ ಆಚೆ ಮುಖ ತಿರುಗಿಸಿ ನಿಂತಿದ್ದ. ಮೂಗಣ್ಣ ತನ್ನ ಸ್ಪ್ಯಾನರುಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕಿಕೊಳ್ಳತೊಡಗಿದ್ದ. ಕೊನೆಗೆ ಅಪ್ಪ ಬಾಗಿಲು ಹಿಡಿದು, ನರಳಿ, ಒಳಗೆ ಕೂತರು. ಸೀಟಿನಿಂದ ಎಂಟು ವರ್ಷದ ಧೂಳು ಎದ್ದು ಅವರಿಗೆ ಕೆಮ್ಮು ಹತ್ತಿತು.

"ಈಗ ಬಗ್ಗಿ ತಿರುಗಿಸಿ."

"ನನ್ನ ಮಂಡಿ ಬಗ್ಗಲ್ಲ ಅಂತ ನಿನಗೆ ಗೊತ್ತಿಲ್ವಾ?"

"ಗೊತ್ತು. ದಿನಾ ಎಣ್ಣೆ ಹಚ್ಚಿ ನೀವೋಳು ನಾನೇ ಅಲ್ವಾ? ಎಷ್ಟು ಬಗ್ಗುತ್ತೆ ಅಂತಾನೂ ಗೊತ್ತು. ಬಗ್ಗಿ."

ಅವರು ಬಗ್ಗಿದರು. ಕತ್ತಿನ ನರ ಉಬ್ಬಿತು. ಕೈ ಸೀಟಿನಡಿಗೆ ಹೋಗಿ ನೇರ ಹಿತ್ತಾಳೆಯ ಹಿಡಿಯ ಮೇಲೇ ಕೂತಿತು. ಹುಡುಕಬೇಕಾಗಿರಲಿಲ್ಲ ಅದಕ್ಕೆ. ತಿರುಗಿಸಿದರು. ಅಲುಗಲಿಲ್ಲ. ಎರಡೂ ಕೈ ಹಾಕಿದರು. ಹಣೆ ಮುಂದಿನ ಸೀಟಿಗೆ ಒತ್ತಿತ್ತು, ಉಸಿರು ಸಿಕ್ಕಿ ಸಿಕ್ಕಿ ಬರುತ್ತಿತ್ತು.

"ಅಂಟು ಕಟ್ಟಿದೆ ತಾಯಿ," ಮೂಗಣ್ಣ ಮೆಲ್ಲಗೆ ಅಂದ. "ಬರೀ ಕೈಗೆ ಬರಲ್ಲ ಅದು. ಕಾಯಿಸಿ ಬಿಡಿಸಬೇಕು."

"ಗೊತ್ತಾಯ್ತು ಅಣ್ಣಾ. ನೀವು ಹೋಗಿಬನ್ನಿ."

"ತಿರುಗ್ತಾ ಇಲ್ಲ," ಸೀಟಿನಡಿಯಿಂದ ಅಪ್ಪನ ದನಿ ಬಂತು. "ಏಳಿಸು ನನ್ನ. ಸೊಂಟ ಹಿಡ್ಕೊಂಡಿದೆ. ಏಳಿಸೇ..."

ಅಕ್ಕ ಶೆಡ್ಡಿನ ಮೂಲೆಯಿಂದ ಒಂದು ಮರದ ಪೆಟ್ಟಿಗೆ ಎಳೆದು ತಂದು ಕಾರಿನ ಪಕ್ಕ ಹಾಕಿದಳು. ಅದರ ಮೇಲೆ ಕೂತು, ಸೀರೆಯ ಸೆರಗಿನಿಂದ ಮಣಿಕಟ್ಟಿನ ಗಡಿಯಾರ ಒರೆಸಿಕೊಂಡು, ಹೊತ್ತು ನೋಡಿದಳು.

"ನಲವತ್ತು ನಿಮಿಷ," ಎಂದಳು. "ಆಮೇಲೆ ಏಳಿಸ್ತೀನಿ."